ಆಡಾಸಿಟಿ 3ಕ್ಕೆ ಬಂದ ಮೇಲೆ ಪ್ರಾಜೆಕ್ಟ್ ಪೆನ್‌ಡ್ರೈವ್‌ಗೆ ಕಾಪಿ ಆಗುತ್ತಿಲ್ಲ, ಹಳೆಯದಕ್ಕೆ ವಾಪಸ್ ಹೋಗಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೇಜಾರಿನಲ್ಲಿ ಬರೆಯುತ್ತಿದ್ದೇನೆ, ಮಾತು ಒರಟಾಗಿದ್ದರೆ ಕ್ಷಮಿಸಿ.

ನಮ್ಮ ಅಜ್ಜಿ ಹೇಳುವ ಕಥೆಗಳನ್ನು ಹಲವು ವರ್ಷಗಳಿಂದ ರೆಕಾರ್ಡ್ ಮಾಡಿ ಇಡುತ್ತಿದ್ದೇನೆ. ಇಷ್ಟು ದಿನ ಧ್ವನಿ ರೆಕಾರ್ಡ್, ಎಡಿಟ್ ಮಾಡುವ ಆಡಾಸಿಟಿ ಪ್ರೋಗ್ರಾಮಿನ 2.4.2 ಆವೃತ್ತಿಯಲ್ಲೇ ಇದ್ದೆ. ಹೋದ ತಿಂಗಳು ಲ್ಯಾಪ್‌ಟಾಪ್ ಬದಲಾಯಿತು, ಹೊಸದರಲ್ಲಿ 3ನೇ ಸರಣಿಯ ಆವೃತ್ತಿ ಹಾಕಿಕೊಂಡೆ. ಹಳೇ ಪ್ರಾಜೆಕ್ಟ್ ತೆರೆಯಿತು, ಎಯುಪಿ3 ಅಂತ ಹೊಸ ಫೈಲಾಗಿ ಸೇವ್ ಆಯಿತು. ಎರಡು ವಾರ ಕೂತು ಎಡಿಟ್ ಮಾಡಿದೆ. ತೊಂದರೆ ಶುರುವಾಗಿದ್ದು ಆಮೇಲೆ.

ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. ಪೆನ್‌ಡ್ರೈವ್ 64 ಜಿಬಿಯದು, ಮುಕ್ಕಾಲು ಭಾಗ ಖಾಲಿ ಇದೆ. ಇದೇ ಪ್ರಾಜೆಕ್ಟ್ ಮೊದಲು ಇದೇ ಪೆನ್‌ಡ್ರೈವ್‌ಗೆ ಸಲೀಸಾಗಿ ಹೋಗುತ್ತಿತ್ತು. ಒಟ್ಟು 4 ಗಂಟೆ ಮಾತು, ಅಜ್ಜಿಯ ಮೈಕ್ ಒಂದು ಟ್ರ್ಯಾಕ್, ನನ್ನ ಮೈಕ್ ಇನ್ನೊಂದು. ಅದರಲ್ಲಿ ಒಂದು ಗಂಟೆಯಷ್ಟು ಬೇಡದ್ದನ್ನು ಕ್ಲಿಪ್‌ನ (ಟ್ರ್ಯಾಕ್‌ನಲ್ಲಿರುವ ಧ್ವನಿಯ ತುಂಡು) ಅಂಚು ಎಳೆದು ಎಳೆದು ಕತ್ತರಿಸಿದ್ದೇನೆ. ಆದರೂ ಫೈಲ್ 5 ಜಿಬಿಯಿಂದ ಒಂದು ಚೂರೂ ಇಳಿದಿಲ್ಲ.

ಎಫ್5 ಒತ್ತಿದರೆ ಬರುತ್ತಿದ್ದ, ಕ್ಲಿಪ್ ಅತ್ತಿತ್ತ ಸರಿಸುವ ಟೈಮ್ ಶಿಫ್ಟ್ ಟೂಲೂ ಕಾಣೆಯಾಗಿದೆ. ಕೈಗೆ ರೂಢಿಯಾಗಿದ್ದ ಕೀಲಿ ಅದು, ಇವತ್ತಿಗೂ ಬೆರಳು ಅಲ್ಲಿಗೇ ಹೋಗುತ್ತದೆ.

ಚೆನ್ನಾಗಿ ನಡೆಯುತ್ತಿದ್ದುದನ್ನು ಯಾಕೆ ಬದಲಾಯಿಸುತ್ತಾರೆ? ನನಗೆ 2.4.2ಕ್ಕೆ ವಾಪಸ್ ಹೋಗಬೇಕು. ಹೇಗೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1

ಮೊದಲು ಧೈರ್ಯ ತಂದುಕೊಳ್ಳಿ ಸರ್. ನಿಮ್ಮ ರೆಕಾರ್ಡಿಂಗ್ ಎಲ್ಲೂ ಹೋಗಿಲ್ಲ. ಪೆನ್‌ಡ್ರೈವ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲ್ ಸಿಸ್ಟಮ್ ಅನ್ನುವ ಕಡೆ ಫ್ಯಾಟ್32 ಅಂತ ಇರುತ್ತದೆ, ಹೆಚ್ಚುಕಮ್ಮಿ ಖಾತ್ರಿ. ಅದರಲ್ಲಿ ಜಾಗ ಎಷ್ಟೇ ಇದ್ದರೂ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ.

ಹಳೇ ಆವೃತ್ತಿಯಲ್ಲಿ ನಿಮ್ಮ ಪ್ರಾಜೆಕ್ಟ್ ಒಂದು ಫೈಲ್ ಆಗಿರಲೇ ಇಲ್ಲ. ಒಂದು ಚಿಕ್ಕ ಎಯುಪಿ ಫೈಲ್, ಪಕ್ಕದಲ್ಲಿ ಅದೇ ಹೆಸರಿನ ಡೇಟಾ ಫೋಲ್ಡರ್. ಆ ಫೋಲ್ಡರ್ ಒಮ್ಮೆ ತೆರೆದು ನೋಡಿ. ಒಳಗೆ ಇ00, ಅದರೊಳಗೆ ಡಿ00, ಅದರೊಳಗೆ ಅರ್ಥವಿಲ್ಲದ ಹೆಸರಿನ ಸಣ್ಣ ಸಣ್ಣ ಫೈಲ್‌ಗಳು. ಒಂದೊಂದೂ ಹೆಚ್ಚೆಂದರೆ 1 ಎಂಬಿ, ಅಂದರೆ ಸುಮಾರು 6 ಸೆಕೆಂಡಿನ ಧ್ವನಿ. ನಿಮ್ಮ 4 ಗಂಟೆಗೆ, ಎರಡು ಟ್ರ್ಯಾಕ್‌ಗೆ, ಅಂಥವು 5 ಸಾವಿರದ ಆಸುಪಾಸು ಇರುತ್ತವೆ. ಅವೂ ಒಟ್ಟು 5 ಜಿಬಿಯೇ, ಆದರೆ ಬಿಡಿಬಿಡಿ, ಅದಕ್ಕೇ ಸಲೀಸಾಗಿ ಹೋಗುತ್ತಿದ್ದವು. 2021ರ ಮಾರ್ಚ್‌ನಲ್ಲಿ ಬಂದ 3.0ಯಿಂದ ಅಷ್ಟನ್ನೂ ಒಂದೇ ಎಯುಪಿ3 ಫೈಲಿನಲ್ಲಿ ಇಡುತ್ತಾರೆ. ಒಳಗಡೆ ಅದೊಂದು ಎಸ್‌ಕ್ಯೂಲೈಟ್ ಡೇಟಾಬೇಸ್, ಅಂದರೆ ಮಾಹಿತಿಯನ್ನೆಲ್ಲ ಒಂದೇ ಫೈಲಿನಲ್ಲಿ ಜೋಡಿಸಿಡುವ ವಿಧಾನ. ಡೇಟಾ ಫೋಲ್ಡರ್ ಕಳೆದುಕೊಂಡು ಒದ್ದಾಡುತ್ತಿದ್ದವರಿಗಾಗಿ ಮಾಡಿದ ಬದಲಾವಣೆ ಇದು.

ಪರಿಹಾರ ಸುಲಭ. ಪೆನ್‌ಡ್ರೈವ್‌ನಲ್ಲಿ ಇರುವುದನ್ನೆಲ್ಲ ಬೇರೆ ಕಡೆ ತೆಗೆದಿಟ್ಟುಕೊಂಡು, ಆ 4 ಜಿಬಿ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಸಿ ಹೋಗುತ್ತದೆ, ಅದೊಂದು ನೆನಪಿರಲಿ.

ಗಾತ್ರ ಇಳಿಯದಿರುವುದಕ್ಕೆ ಕಾರಣ ಬೇರೆ. 2021ರ ಅಕ್ಟೋಬರ್‌ನ 3.1ರಿಂದ ಕ್ಲಿಪ್‌ನ ಅಂಚು ಎಳೆದರೆ ಧ್ವನಿ ಅಳಿಯುವುದಿಲ್ಲ, ಬರೀ ಮರೆಯಾಗುತ್ತದೆ. ಅಂಚನ್ನು ಹಿಂದಕ್ಕೆ ಎಳೆದರೆ ವಾಪಸ್ ಬರುತ್ತದೆ. ಅದನ್ನು ನಿಜವಾಗಿ ತೆಗೆಯಬೇಕು ಅಂದರೆ ಒಂದೊಂದೇ ಟ್ರ್ಯಾಕ್ ಆರಿಸಿ, ಈಗ ಕೇಳಿಸುವುದನ್ನಷ್ಟೇ ಹೊಸದಾಗಿ ಬರೆಯುವ ಮಿಕ್ಸ್ ಅಂಡ್ ರೆಂಡರ್ ಕೊಡಿ, ಸೇವ್ ಮಾಡಿ, ಪ್ರಾಜೆಕ್ಟ್ ಮುಚ್ಚಿ ಮತ್ತೆ ತೆರೆಯಿರಿ. ಮುಚ್ಚುವವರೆಗೂ ಅನ್‌ಡು ಮಾಡಲು ಬೇಕಾದ ಹಳೇ ಧ್ವನಿ ಕೂಡ ಅದೇ ಫೈಲಿನಲ್ಲಿ ಕೂತಿರುತ್ತದೆ. ಮೂರು ಗಂಟೆಯ ಮಾತು ಅಷ್ಟೇ ಉಳಿದರೆ 4 ಜಿಬಿ ಒಳಗೇ ಬರಬೇಕು. ಆದರೆ ರೆಂಡರ್ ಆದ ಮೇಲೆ ಮರೆಯಾದದ್ದು ಶಾಶ್ವತವಾಗಿ ಹೋಗುತ್ತದೆ, ಬೇರೆ ಬೇರೆ ಕ್ಲಿಪ್‌ಗಳೂ ಒಂದಾಗಿಬಿಡುತ್ತವೆ. ಮೊದಲು ಫೈಲ್ ಮೆನುವಿನ ಸೇವ್ ಪ್ರಾಜೆಕ್ಟ್ ಒಳಗೆ ಇರುವ ಬ್ಯಾಕಪ್ ಪ್ರಾಜೆಕ್ಟ್‌ನಿಂದ ಒಂದು ಪ್ರತಿ ತೆಗೆದಿಡಿ.

ಟೈಮ್ ಶಿಫ್ಟ್ ಟೂಲ್ ತೆಗೆದದ್ದೂ 3.1ರಲ್ಲೇ. ಈಗ ಕ್ಲಿಪ್‌ನ ಮೇಲ್ಗಡೆ ಹೆಸರು ಇರುವ ಪಟ್ಟಿ ಕಾಣುತ್ತದಲ್ಲ, ಅದನ್ನೇ ಹಿಡಿದು ಎಳೆಯಿರಿ.

ಇನ್ನು ವಾಪಸ್ ಹೋಗುವುದು. 2.4.2 ಎಯುಪಿ3 ತೆರೆಯುವುದಿಲ್ಲ. ಆದರೆ ಹೊಸದು ನಿಮ್ಮ ಹಳೇ ಎಯುಪಿ ಫೈಲನ್ನಾಗಲಿ ಡೇಟಾ ಫೋಲ್ಡರನ್ನಾಗಲಿ ಮುಟ್ಟಿರುವುದಿಲ್ಲ, ಅವು ಇದ್ದ ಹಾಗೇ ಇರುತ್ತವೆ. ಈ ಎರಡು ವಾರದ ಕೆಲಸವೂ ಬೇಕು ಅಂದರೆ ಟ್ರ್ಯಾಕ್‌ಗೆ ಒಂದರಂತೆ ವೇವ್ ಫೈಲ್ ಎಕ್ಸ್‌ಪೋರ್ಟ್ ಮಾಡಿ ಹಳೆಯದರಲ್ಲಿ ತೆರೆಯಬೇಕು. ನನ್ನ ಕೇಳಿದರೆ ಹೋಗಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಹೌದು, ಫ್ಯಾಟ್32 ಅಂತಲೇ ಇದೆ. ಹಳೇ ಫೋಲ್ಡರೂ ಹಾಗೇ ಇದೆ, ನೋಡಿ ಜೀವ ಬಂತು.

ಆದರೆ ಒಂದು ಮಾತು ಹೇಳಲೇಬೇಕು. ನಾನು ದಿನಾ ರಾತ್ರಿ ಇನ್ನೊಂದು ಡಿಸ್ಕ್‌ಗೆ ಬ್ಯಾಕಪ್ ತೆಗೆಯುತ್ತೇನೆ. ಮೊದಲು ಆ ದಿನ ಬದಲಾದ ಸಣ್ಣ ಫೈಲ್‌ಗಳಷ್ಟೇ ಹೋಗುತ್ತಿದ್ದವು, ಎರಡು ನಿಮಿಷದ ಕೆಲಸ. ಈಗ ಒಂದು ಕೆಮ್ಮು ತೆಗೆದರೂ 5 ಜಿಬಿ ಪೂರ್ತಿ ಮತ್ತೆ ಕಾಪಿ ಆಗಬೇಕು. ಇದು ಸುಧಾರಣೆ ಹೇಗಾಗುತ್ತದೆ? ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಡೇಟಾ ಫೋಲ್ಡರ್ ಕಳೆದುಕೊಂಡವನಲ್ಲ. ಯಾರೋ ಕಳೆದುಕೊಂಡರು ಅಂತ ನನ್ನ ಕೆಲಸ ಯಾಕೆ ಕೆಡಬೇಕು? ಆಡಾಸಿಟಿ ಒಂದು ಕಂಪನಿಯ ಕೈಗೆ ಹೋದ ಮೇಲೆ ಹೀಗಾಯಿತು ಅಂತ ಒಬ್ಬರು ಹೇಳಿದರು, ನಿಜವಾ?

ಉತ್ತರ 2

ಅದು ನಿಜ ಅಲ್ಲ. 3.0 ಹೊರಬಂದ ಮೇಲೆಯೇ ಆ ಸುದ್ದಿ ಬಂದದ್ದು. ಒಂದೇ ಫೈಲ್ ಮಾಡುವ ಕೆಲಸ ಅದಕ್ಕೂ ಮೊದಲೇ ಇದ್ದವರದು.

ನಾನು ಆಡಾಸಿಟಿಯವನಲ್ಲ. ಆದರೆ ಒಂದು ಚಿಕ್ಕ ಓಪನ್ ಸೋರ್ಸ್ ಪ್ರೋಗ್ರಾಮ್ ನೋಡಿಕೊಳ್ಳುತ್ತೇನೆ, ಫೈಲ್ ರೂಪ ಬದಲಾಯಿಸಿ ಬೈಸಿಕೊಂಡಿದ್ದೇನೆ. ಆ ಕಡೆ ಕೂತವರ ಪಾಡು ಸ್ವಲ್ಪ ಹೇಳುತ್ತೇನೆ.

ನಿಮ್ಮಂಥ ಶಿಸ್ತಿನವರಿಗೆ ಹಳೇ ರೂಪ ಚೆನ್ನಾಗಿಯೇ ಇತ್ತು. ಆದರೆ ಆಡಾಸಿಟಿ ಬಗ್ಗೆ ಸಹಾಯ ಕೇಳಿಕೊಂಡು ಬರುತ್ತಿದ್ದವರನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಎಯುಪಿ ಫೈಲನ್ನು ಮಾತ್ರ ಸ್ನೇಹಿತರಿಗೆ ಮೇಲ್ ಮಾಡಿದವರು, ಪಕ್ಕದ ಫೋಲ್ಡರ್ ಏನೋ ಕಸ ಅಂತ ಅಳಿಸಿದವರು, ಫೋಲ್ಡರಿನ ಹೆಸರು ಬದಲಾಯಿಸಿದವರು. ಫೋಲ್ಡರ್ ಅಳಿಸಿದವರಿಗೆ ನಾವು ಹೇಳಬೇಕಾಗಿದ್ದ ಉತ್ತರ ಒಂದೇ, ಧ್ವನಿ ಹೋಯಿತು, ವಾಪಸ್ ಬರಲ್ಲ. ಆ ಮಾತನ್ನು ಹತ್ತು ಸಲ ಬರೆದವರಿಗೆ ಗೊತ್ತು ಅದರ ಸಂಕಟ. ಅವರದು ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ, ಒಂದು ಪ್ರಾಜೆಕ್ಟ್ ಅಂದರೆ ಒಂದು ಫೈಲ್ ಅಂತ ಅಂದುಕೊಳ್ಳುವುದು ಸಹಜ ಅಲ್ವಾ.

ಹಾಗಾದರೆ ಎರಡೂ ರೂಪ ಇಡಬಹುದಿತ್ತಲ್ಲ ಅನ್ನಬಹುದು. ನಾನು ನನ್ನ ಪ್ರೋಗ್ರಾಮಿನಲ್ಲಿ ಹಾಗೆ ಮಾಡಿದ್ದೆ. ಎಂಟು ತಿಂಗಳು ಎಳೆದೆ. ಒಂದು ಹೊಸ ಸೌಲಭ್ಯ ಸೇರಿಸಿದರೆ ಎರಡು ಕಡೆ ಬರೆಯಬೇಕು, ಎರಡು ಕಡೆ ಪರೀಕ್ಷೆ ಮಾಡಬೇಕು, ಒಂದರಿಂದ ಇನ್ನೊಂದಕ್ಕೆ ಹೋಗಿ ಬರುವಾಗ ಏನೂ ಕಳೆಯದ ಹಾಗೆ ನೋಡಬೇಕು. ಕೊನೆಗೆ ಒಬ್ಬರ ಫೈಲ್ ಕೆಟ್ಟದ್ದು ಆ ಹೋಗಿ ಬರುವ ದಾರಿಯಲ್ಲೇ. ಅವತ್ತೇ ಹಳೇ ರೂಪದಲ್ಲಿ ಬರೆಯುವ ಕೋಡ್ ಕಿತ್ತುಹಾಕಿದೆ, ಓದುವುದನ್ನು ಮಾತ್ರ ಉಳಿಸಿಕೊಂಡೆ. ಆಡಾಸಿಟಿಯಲ್ಲೂ ಹಾಗೇ ಇದೆ ನೋಡಿ, ಹಳೆಯದನ್ನು ಓದುತ್ತದೆ, ಬರೆಯುವುದು ಹೊಸದರಲ್ಲಿ ಮಾತ್ರ.

ಈಗ ನಿಮ್ಮ ಬ್ಯಾಕಪ್ ವಿಷಯ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅದು ನಿಜವಾದ ನಷ್ಟ, ಅದನ್ನು ಮುಚ್ಚಿಡುವ ಉತ್ತರ ನನ್ನ ಹತ್ತಿರ ಇಲ್ಲ. ಬದಲಾದ ತುಂಡುಗಳನ್ನಷ್ಟೇ ಎತ್ತಿಕೊಳ್ಳುವ ಬ್ಯಾಕಪ್ ಪ್ರೋಗ್ರಾಮ್ ಬಳಸಿದರೆ, ರೆಸ್ಟಿಕ್ ಅಥವಾ ಬೋರ್ಗ್ ಥರದ್ದು, ಜಾಗ ತುಂಬಾ ಉಳಿಯುತ್ತದೆ. ಆದರೂ ಇಡೀ ಫೈಲನ್ನು ಓದಲೇಬೇಕು, ಎರಡು ನಿಮಿಷಕ್ಕೆ ಮುಗಿಯಲ್ಲ. ಇಂಥ ಬದಲಾವಣೆ ಮಾಡುವಾಗ ಮೊದಲ ಸಲ ಸೇವ್ ಮಾಡುವ ಹೊತ್ತಿಗೇ, ಇದನ್ನು ಹಳೇ ಆವೃತ್ತಿ ತೆರೆಯುವುದಿಲ್ಲ, ಬ್ಯಾಕಪ್ ಹೀಗೆ ಬದಲಾಗುತ್ತದೆ ಅಂತ ಎದುರಿಗೇ ಹೇಳಬೇಕು. ನಾನೂ ಹೇಳಿರಲಿಲ್ಲ. ಬಿಡುಗಡೆ ಟಿಪ್ಪಣಿಯಲ್ಲಿ ಬರೆದಿದ್ದೆ, ಅದನ್ನು ಯಾರು ಓದುತ್ತಾರೆ?

ಇನ್ನೊಂದು ಮುಖ್ಯ ಎಚ್ಚರಿಕೆ. ಪ್ರಾಜೆಕ್ಟ್ ತೆರೆದಿರುವಾಗ ಕಾಪಿ ಮಾಡಬೇಡಿ. ಆಗ ಪಕ್ಕದಲ್ಲಿ ಹೆಸರಿನ ಕೊನೆಗೆ ವಾಲ್ ಅಂತ ಇರುವ ಇನ್ನೊಂದು ಫೈಲ್ ಇರುತ್ತದೆ, ಹೊಸದಾಗಿ ಮಾಡಿದ ಕೆಲಸ ಸ್ವಲ್ಪ ಅದರಲ್ಲೇ ಇರಬಹುದು. ಆಡಾಸಿಟಿ ಪೂರ್ತಿ ಮುಚ್ಚಿ, ಅದು ಮಾಯವಾದ ಮೇಲೆ ಕಾಪಿ ಮಾಡಿ. ಮುಚ್ಚಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿದರೆ ಕಾಯಿರಿ, ಬಲವಂತವಾಗಿ ನಿಲ್ಲಿಸಬೇಡಿ. ಪೆನ್‌ಡ್ರೈವ್, ನೆಟ್‌ವರ್ಕ್ ಡ್ರೈವ್, ತಾನೇ ಸಿಂಕ್ ಆಗುವ ಕ್ಲೌಡ್ ಫೋಲ್ಡರ್, ಇವುಗಳ ಮೇಲೆ ನೇರವಾಗಿ ಎಡಿಟ್ ಮಾಡಲೇಬೇಡಿ. ಕೆಲಸ ಲ್ಯಾಪ್‌ಟಾಪ್ ಡಿಸ್ಕ್‌ನಲ್ಲಿ, ಪ್ರತಿ ಮಾತ್ರ ಹೊರಗೆ.

ಪ್ರಶ್ನೆ ಕೇಳಿದವರು

ಎಲ್ಲ ಮಾಡಿ ಮುಗಿಸಿ ಬರೆಯುತ್ತಿದ್ದೇನೆ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಮಾಡಿದೆ, ಕಾಪಿ ಆಯಿತು, ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ತೆರೆದೂ ನೋಡಿದೆ. ವಾಲ್ ಫೈಲ್ ನನ್ನ ಕಣ್ಣಿಗೆ ಬಿದ್ದಿತ್ತು, ಏನೋ ಬೇಡದ್ದು ಅಂತ ಅಳಿಸುವುದರಲ್ಲಿದ್ದೆ. ನೀವು ಹೇಳಿದ್ದು ಒಳ್ಳೆಯದಾಯಿತು. ಬ್ಯಾಕಪ್ ಬಗ್ಗೆ ಬೇಜಾರು ಹಾಗೇ ಇದೆ, ಆದರೂ ಕಾರಣ ಗೊತ್ತಾಯಿತಲ್ಲ, ಅಷ್ಟು ಸಾಕು. ಈಗ ವಾರಕ್ಕೊಮ್ಮೆ ಪೂರ್ತಿ ಪ್ರತಿ ತೆಗೆಯುತ್ತೇನೆ.

ಮಿಕ್ಸ್ ಅಂಡ್ ರೆಂಡರ್ ಮಾತ್ರ ಮಾಡಲಿಲ್ಲ. ಮಾಡುವ ಮುಂಚೆ ಸುಮ್ನೆ ನೋಡೋಣ ಅಂತ ಅಜ್ಜಿಯ ಟ್ರ್ಯಾಕ್‌ನ ಮೊದಲ ಕ್ಲಿಪ್‌ನ ಅಂಚು ಹಿಂದಕ್ಕೆ ಎಳೆದೆ. ಕಥೆ ಶುರುವಾಗುವ ಮುಂಚಿನ ಭಾಗ, ಬರೀ ಗದ್ದಲ ಅಂತ ನಾನೇ ಕತ್ತರಿಸಿದ್ದು. ಅದರಲ್ಲಿ ಅಜ್ಜಿ ಮೈಕ್ ಹತ್ತಿರ ಬಂದು, "ಇದು ಕೇಳಿಸ್ಕೊಳ್ತಾ ಇದ್ಯೇನೋ ಮಗಾ?" ಅಂತ ಮೆಲ್ಲಗೆ ಕೇಳುತ್ತಾರೆ. ಫೈಲ್ 5 ಜಿಬಿಯೇ ಇರಲಿ.

ಉತ್ತರ 1

ಇರಲಿ ಬಿಡಿ ಸರ್. ಆ ತುಣುಕನ್ನು ಬೇರೆ ವೇವ್ ಫೈಲಾಗಿಯೂ ಇವತ್ತೇ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.