ಅಪ್‌ಡೇಟ್: ಯೂನಿವರ್ಸಿಟಿ ಗ್ರೂಪ್‌ಗಳ ಗೋಜಲು ಅರ್ಧ ಬಿಡಿಸಿದ್ದಾಯ್ತು

ನಮ್ಮ ಯೂನಿವರ್ಸಿಟಿ ಆಕ್ಟಿವ್ ಡೈರೆಕ್ಟರೀಲಿ (ಅಕೌಂಟು, ಗ್ರೂಪು, ಆಕ್ಸೆಸ್ ಎಲ್ಲಾ ನೋಡ್ಕೊಳ್ಳೋ ಮೈಕ್ರೋಸಾಫ್ಟ್ ವ್ಯವಸ್ಥೆ) ಫೋಲ್ಡರ್‌ಗಳಿಗೆ ಒಬ್ಬೊಬ್ರನ್ನೇ ಸೇರಿಸಿ ಸೇರಿಸಿ ಯಾರಿಗೆ ಯಾವ ಆಕ್ಸೆಸ್ ಇದೆ ಅಂತಾನೇ ಗೊತ್ತಾಗ್ತಿಲ್ಲ ಅಂತ ಕೇಳಿದ್ನಲ್ಲ, ಅದ್ರದ್ದೇ ಮುಂದಿನ ಕಥೆ.

ನೀವು ಹೇಳ್ದಂಗೇ ಎರಡು ಥರ ಗ್ರೂಪ್ ಮಾಡ್ದೆ. ಜನ ಯಾರು ಅನ್ನೋಕೆ ಗ್ಲೋಬಲ್ ಗ್ರೂಪು, ಉದಾಹರಣೆಗೆ ಎಂಎಸ್ಸಿ ಎರಡನೇ ವರ್ಷದವ್ರು. ಫೋಲ್ಡರ್‌ಗೆ ಓದೋದು, ಬರೆಯೋದು ಅನ್ನೋಕೆ ಡೊಮೈನ್ ಲೋಕಲ್ ಗ್ರೂಪು. ಮೊದಲ್ನೇದನ್ನ ಎರಡನೇದ್ರೊಳಗೆ ಹಾಕೋದು, ಪರ್ಮಿಷನ್ ಎರಡನೇದಕ್ಕೆ ಮಾತ್ರ ಕೊಡೋದು. ವಿದ್ಯಾರ್ಥಿ ಗ್ರೂಪ್‌ಗಳನ್ನ ಈಗ ಅಡ್ಮಿಷನ್ ಡೇಟಾ ನೋಡ್ಕೊಂಡು ರಾತ್ರಿ ಒಂದು ಸ್ಕ್ರಿಪ್ಟ್ ತುಂಬುತ್ತೆ, ಪಾಸಾಗಿ ಹೋದವ್ರು ತಾವಾಗೇ ಉದುರಿ ಹೋಗ್ತಾರೆ.

ಮೊದಲ್ನೇ ದಿನ ಆಕ್ಸೆಸ್ ಬಂದಿಲ್ಲ ಅಂತ ಫೋನೋ ಫೋನು. ಲಾಗೌಟ್ ಮಾಡಿ ಮತ್ತೆ ಲಾಗಿನ್ ಆದ್ರೇನೇ ಹೊಸ ಗ್ರೂಪ್ ಟೋಕನ್‌ಗೆ (ಲಾಗಿನ್ ಆದಾಗ ವಿಂಡೋಸ್ ಮಾಡ್ಕೊಳ್ಳೋ, ನಾವು ಯಾವ್ಯಾವ ಗ್ರೂಪಲ್ಲಿದೀವಿ ಅನ್ನೋ ಪಟ್ಟಿ) ಬರೋದು, ಅದನ್ನ ಮೊದ್ಲೇ ಮೇಲ್ ಮಾಡದೇ ಇದ್ದಿದ್ದು ನಂದೇ ತಪ್ಪು. ಇನ್ನೊಂದು, ಎಂಟ್ರಾ ಐಡೀಲಿ (ಮೈಕ್ರೋಸಾಫ್ಟ್‌ನ ಕ್ಲೌಡ್ ಲಾಗಿನ್ ವ್ಯವಸ್ಥೆ) ಆಪ್‌ಗೆ ಗ್ರೂಪ್ ಅಸೈನ್ ಮಾಡಿದ್ರೆ ಒಳಗಿನ ಗ್ರೂಪ್‌ನವ್ರಿಗೆ ಆಕ್ಸೆಸ್ ಸಿಗಲ್ಲ, ಹಂಗಾಗಿ ಅಲ್ಲಿ ನೇರ ಗ್ರೂಪ್ ಬೇರೆ ಮಾಡ್ಬೇಕಾಯ್ತು.

ಅತಿಥಿ ಉಪನ್ಯಾಸಕರದ್ದು ಮಾತ್ರ ಇನ್ನೂ ತಲೆನೋವು. ಅವ್ರು ಯಾವ ಡೇಟಾಬೇಸಲ್ಲೂ ಸರಿಯಾಗಿಲ್ಲ, ಸದ್ಯಕ್ಕೆ ಕೊನೇ ತಾರೀಕು ಹಾಕಿ ಕೈಯಲ್ಲೇ ಸೇರಿಸ್ತಿದೀನಿ.