ಅಪ್ಪ-ಅಮ್ಮನ ಜೊತೆ ರಾಯಲ್ ನ್ಯಾಷನಲ್ ಪಾರ್ಕ್: ಯಾವ ಬೀಚಿಗೆ ನಡೆಯಬಹುದು?

ತುಮಕೂರು ಹುಡುಗ:
ಎಲ್ಲರಿಗೂ ನಮಸ್ಕಾರ. ನಾವು ಸಿಡ್ನಿಯ ಪಶ್ಚಿಮ ಭಾಗದಲ್ಲಿದ್ದೇವೆ, ಕಾರಿಲ್ಲ. ಜೂನ್ ಕೊನೆಗೆ ಅಪ್ಪ-ಅಮ್ಮ ಊರಿಂದ ಬರುತ್ತಿದ್ದಾರೆ. ಅಮ್ಮನಿಗೆ ತಿಮಿಂಗಿಲ ನೋಡುವ ಆಸೆ. ಅಪ್ಪ ದಿನಾ ವಾಕಿಂಗ್ ಮಾಡುತ್ತಾರೆ, ಆದರೆ ಮಂಡಿ ನೋವು, ಇಳಿಜಾರು ಕಷ್ಟ. ಸಿಡ್ನಿಯ ದಕ್ಷಿಣಕ್ಕಿರುವ ರಾಯಲ್ ನ್ಯಾಷನಲ್ ಪಾರ್ಕಿನ ಅಂಚಿನ ಊರು ಬುಂಡೀನಾದಿಂದ ಮಾರ್ಲಿ ಬೀಚಿಗೆ ಹೋಗಿ, ದಾರಿಯಲ್ಲಿ ಸಮುದ್ರದಂಚಿನ ಬಿಳಿ ಬಂಡೆ ವೆಡ್ಡಿಂಗ್ ಕೇಕ್ ರಾಕ್ ತೋರಿಸೋಣ ಅಂತಿದ್ದೇನೆ. ಅರ್ಧ ದಿನ ಸಾಕಾಗುತ್ತಾ?

ಶರಾವತಿ ದಡ:
ಮಾರ್ಲಿ ಬೇಡ. ನಾನು ಹೊನ್ನಾವರದವಳು, ಈಗ ಕ್ರೊನುಲ್ಲಾ ಹತ್ತಿರವೇ ಇದ್ದೇನೆ. ಮನೆಗೆ ಬಂದ ಹಿರಿಯರನ್ನೆಲ್ಲ ನಾನು ಕರೆದುಕೊಂಡು ಹೋಗುವುದು ಜಿಬ್ಬನ್ ಬೀಚಿಗೆ. ಮಾರ್ಲಿಗೆ ಹೋಗಿಬರಲು 8 ಕಿ.ಮೀ.ಗಿಂತ ಜಾಸ್ತಿ ನಡೆಯಬೇಕು, ಅದೂ ಬಂಡೆ ಮೇಲಿನ ಬಯಲು ದಾರಿ. ವೆಡ್ಡಿಂಗ್ ಕೇಕ್ ರಾಕ್ ಕುಸಿಯುವ ಅಪಾಯ ಇದೆ ಅಂತ 2015ರಲ್ಲೇ ಬೇಲಿ ಹಾಕಿದ್ದಾರೆ. ಹೊರಗಿಂದ ಅಷ್ಟೇ ನೋಡಬಹುದು.

ರೈಲಿನಲ್ಲಿ ಕೊನೆಯ ಸ್ಟೇಷನ್ ಕ್ರೊನುಲ್ಲಾವರೆಗೆ ಬನ್ನಿ. ಅಲ್ಲಿಂದ ದೋಣಿಕಟ್ಟೆಗೆ ನಡೆದೇ ಹೋಗಬಹುದು. ಬುಂಡೀನಾಕ್ಕೆ ಸುಮಾರು ಅರ್ಧ ಗಂಟೆಯ ಫೆರ್ರಿ. ಈ ದೋಣಿ ಪ್ರಯಾಣವೇ ಅಮ್ಮನಿಗೆ ಅರ್ಧ ಖುಷಿ ಕೊಡುತ್ತದೆ, ನೋಡಿ. ಇಳಿದ ಕೂಡಲೇ ಶೌಚಾಲಯಕ್ಕೆ ಹೋಗಿ ಬನ್ನಿ. ಮುಂದೆ ದಾರಿಯಲ್ಲಿ ಇಲ್ಲ, ಕುಡಿಯುವ ನೀರೂ ಇಲ್ಲ.

ಊರಿನ ಬೀದಿ ದಾಟಿದರೆ ಜಿಬ್ಬನ್. ಇದು ಪೋರ್ಟ್ ಹ್ಯಾಕಿಂಗ್ ಅಳಿವೆಯ ಒಳಕ್ಕೆ ಮುಖ ಮಾಡಿದ ಬೀಚು, ಹಾಗಾಗಿ ಅಲೆ ಕಡಿಮೆ. ಮೆದು ಮರಳಿನಲ್ಲಿ ಮಂಡಿಗೆ ಶ್ರಮ. ಇಳಿತದ ಹೊತ್ತು ನೋಡಿಕೊಂಡು ಹೋದರೆ ನೀರಿನಂಚಿನ ಗಟ್ಟಿ ಮರಳಿನ ಮೇಲೆ ಅಪ್ಪ ಆರಾಮಾಗಿ ನಡೆಯುತ್ತಾರೆ. ಬೀಚಿನ ಆಚೆ ತುದಿಯಿಂದ ಕಾಡಿನ ದಾರಿ ಹಿಡಿದರೆ ಇಲ್ಲಿನ ಮೂಲನಿವಾಸಿಗಳಾದ ಧರಾವಲ್ ಜನ ಬಂಡೆಯ ಮೇಲೆ ಕೆತ್ತಿದ ಚಿತ್ರಗಳಿವೆ. ತಿಮಿಂಗಿಲ ಇದೆ, ತೊರಕೆ ಮೀನಿದೆ. ನೋಡಲು ಅಟ್ಟಣಿಗೆ ಕಟ್ಟಿದ್ದಾರೆ. ನಡು ಮಧ್ಯಾಹ್ನ ಹೋದರೆ ಗೆರೆಗಳು ಕಾಣುವುದೇ ಇಲ್ಲ. ಬೆಳಿಗ್ಗೆಯ ಓರೆ ಬಿಸಿಲಿಗೆ ನೆರಳು ಬಿದ್ದು ಎದ್ದು ಕಾಣುತ್ತವೆ. ದಯವಿಟ್ಟು ಯಾರೂ ಅದರ ಮೇಲೆ ಕಾಲಿಡಬೇಡಿ, ಮಕ್ಕಳಿಗೂ ಹೇಳಿ. ಅದು ಆ ಜನರ ಪಾಲಿಗೆ ಇಂದಿಗೂ ಜೀವಂತ ಜಾಗ.

ಇನ್ನೊಂದಿಷ್ಟು ಮುಂದೆ ಹೋದರೆ ತೆರೆದ ಸಮುದ್ರ. ಹಂಪ್‌ಬ್ಯಾಕ್ ತಿಮಿಂಗಿಲಗಳು ಅಂಟಾರ್ಕ್ಟಿಕಾ ಕಡೆಯಿಂದ ಉತ್ತರದ ಬೆಚ್ಚಗಿನ ನೀರಿಗೆ ಹೋಗುವ ಕಾಲ ಇದೇ. ನೀವು ಸರಿಯಾದ ತಿಂಗಳಲ್ಲೇ ಬರುತ್ತಿದ್ದೀರಿ. ಬೈನಾಕ್ಯುಲರ್ ತನ್ನಿ. ಬಾಲ ಹುಡುಕಬೇಡಿ, ಮೊದಲು ಕಾಣುವುದು ದೂರದಲ್ಲಿ ಹೊಗೆಯಂತೆ ಏಳುವ ಉಸಿರು. ಕೂತು ಮೊಸರನ್ನ ತಿನ್ನುತ್ತಾ ಕಾಯಿರಿ. ಪೂರ್ತಿ ಸುತ್ತು ಸುಮಾರು 5 ಕಿ.ಮೀ. ಅದನ್ನು ಮುಗಿಸಲೇಬೇಕು ಅಂತಿಲ್ಲ. ಅಪ್ಪನಿಗೆ ಸಾಕೆನಿಸಿದರೆ ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಕಾರವಾರಿ:
ಅಕ್ಕ ಹೇಳಿದ್ದೇ ಸರಿ. ಒಂದು ಮಾತು ಸೇರಿಸುತ್ತೇನೆ. ಜಿಬ್ಬನ್‌ನಲ್ಲಿ ಜೀವರಕ್ಷಕರಿಲ್ಲ. ನೀರು ಶಾಂತವಾಗಿ ಕಂಡರೂ ಕಾಲು ನೆನೆಸುವಷ್ಟಕ್ಕೆ ಇರಲಿ. ಸಮುದ್ರದ ಕಡೆಯ ಬಂಡೆಗಳ ಮೇಲೆ ಫೋಟೋಗಾಗಿ ಕೆಳಗಿಳಿಯಬೇಡಿ. ಒಣಗಿದ ಬಂಡೆ ಅಂದುಕೊಂಡ ಕಡೆಗೂ ದೊಡ್ಡ ಅಲೆ ಬರುತ್ತದೆ. ಮಳೆಯ ಮರುದಿನ ಹೊರಡುವ ಮುಂಚೆ ಪಾರ್ಕಿನ ವೆಬ್‌ಸೈಟಿನಲ್ಲಿ ದಾರಿ ಮುಚ್ಚಿದೆಯಾ ನೋಡಿ.

ತುಮಕೂರು ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ, ಕಾರವಾರಿ ಅವರಿಗೂ. ಜಿಬ್ಬನ್ನೇ ಖಾಯಂ. ಪಾರ್ಕಿಗೆ ಪ್ರವೇಶ ಶುಲ್ಕ ಇದೆಯಾ? ಎಷ್ಟು ಹೊತ್ತಿಗೆ ಹೊರಡಬೇಕು?

ಶರಾವತಿ ದಡ:
ಶುಲ್ಕ ಇರುವುದು ಒಳಗೆ ನಿಲ್ಲಿಸುವ ವಾಹನಗಳಿಗೆ. ಫೆರ್ರಿಯಲ್ಲಿ ಬಂದು ನಡೆಯುವವರಿಗಿಲ್ಲ, ದೋಣಿ ಟಿಕೆಟ್ ಅಷ್ಟೇ. ಫೆರ್ರಿ ಹೆಚ್ಚುಕಡಿಮೆ ಗಂಟೆಗೊಂದು. ಒಂಬತ್ತರ ಆಸುಪಾಸು ಕ್ರೊನುಲ್ಲಾದಲ್ಲಿರಿ. ಜೂನಿನಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಮೂರರೊಳಗೆ ದೋಣಿಕಟ್ಟೆಗೆ ವಾಪಸ್ ಬಂದುಬಿಡಿ. ತೆರೆದ ಸಮುದ್ರದ ಕಡೆ ಗಾಳಿ ಕೊರೆಯುತ್ತದೆ, ಅಮ್ಮನಿಗೆ ಸ್ವೆಟರ್ ಮೇಲೊಂದು ಜಾಕೆಟ್, ಕಿವಿಗೆ ಸ್ಕಾರ್ಫ್ ಇರಲಿ. ಚಪ್ಪಲಿ ಬೇಡ, ಇಬ್ಬರಿಗೂ ಶೂ ಹಾಕಿಸಿ.