ಅತ್ತೆಯ ಕಾಲಿನ ಎಳೆತ: ಶುಗರ್ ನರವಾ, ರೆಸ್ಟ್‌ಲೆಸ್ ಲೆಗ್ಸಾ?

ಡೊಂಬಿವಲಿ ಈಸ್ಟ್:
ಅತ್ತೆಗೆ 61, ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಾರೆ. ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತರೆ ಮೀನಖಂಡದೊಳಗೆ ಏನೋ ಹರಿದಾಡಿದ ಹಾಗೆ, ಕಾಲು ಆಡಿಸದೆ ಇರೋಕಾಗಲ್ಲ ಅಂತಾರೆ. ಮತ್ಸ್ಯಗಂಧ ರೈಲಲ್ಲಿ ಊರಿಗೆ ಹೋಗುವಾಗಲೂ ಬರ್ತ್ ಬಿಟ್ಟು ಬೋಗಿ ಉದ್ದಕ್ಕೂ ಓಡಾಟ. ಹಿಮೋಗ್ಲೋಬಿನ್ 12.1, ‘ನಾರ್ಮಲ್’ ಅಂದರು. ಯಾವ ಟೆಸ್ಟ್ ಕೇಳಬೇಕು?

ಮಾಟುಂಗಾ:
ಮೊದಲು ನಾಲ್ಕು ಕೇಳಿ. ಕಾಲು ಆಡಿಸಲೇಬೇಕೆಂಬ ಒತ್ತಡ ಇದೆಯಾ? ಕೂತಾಗ, ಮಲಗಿದಾಗ ಹೆಚ್ಚುತ್ತಾ? ನಡೆದಷ್ಟು ಹೊತ್ತು ತಗ್ಗುತ್ತಾ? ಸಂಜೆ ಮೇಲೆ ಜೋರಾ? ನಾಲ್ಕಕ್ಕೂ ಹೌದು ಅಂದರೆ, ಬೇರೆ ಕಾರಣ ಕಾಣದಿದ್ದರೆ, ರೆಸ್ಟ್‌ಲೆಸ್ ಲೆಗ್ಸ್ ಎನ್ನಬಹುದು. ಸ್ಲೀಪ್ ಸ್ಟಡಿ ಕಡ್ಡಾಯವಲ್ಲ. ಶುಗರ್‌ನಿಂದ ನರ ಕೆಟ್ಟದ್ದಾದರೆ ಪಾದದಲ್ಲಿ ಉರಿ, ಜೋಮು. ನಡೆದರೂ ಪೂರ್ತಿ ಹೋಗಲ್ಲ. ಸ್ನಾಯು ಸೆಳೆತ (ಕ್ರ್ಯಾಂಪ್) ಆದರೆ ಮೀನಖಂಡದಲ್ಲಿ ಕೈಗೆ ಗಟ್ಟಿ ಗಂಟು ಸಿಗುತ್ತೆ, ನೋವು ಸಟ್ಟನೆ ಬರುತ್ತೆ. ವೆರಿಕೋಸ್ (ಉಬ್ಬಿದ ರಕ್ತನಾಳ) ಆದರೆ ನಿಂತಷ್ಟೂ ಭಾರ, ಕಾಲು ಮೇಲಿಟ್ಟರೆ ಹಗುರ. ಎರಡು ಒಟ್ಟಿಗೆ ಇರೋದೂ ಉಂಟು ಮಾರಾಯ್ರೆ. ಮೆಟ್‌ಫಾರ್ಮಿನ್ ನರಕ್ಕೆ ಬೇಕಾದ ವಿಟಮಿನ್ ಬಿ12 ತಗ್ಗಿಸುತ್ತೆ, ಅದನ್ನೂ ನೋಡಿಸಿ.

ಥಾಣೆ ಲ್ಯಾಬ್:
ಹಿಮೋಗ್ಲೋಬಿನ್ ನೋಡಿ ಸುಮ್ಮನಾಗುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು. ರಕ್ತದಲ್ಲಿ ಸಾಕಷ್ಟಿದ್ದರೂ ಮೆದುಳಿಗೆ ಕಬ್ಬಿಣ ಸಾಲದೆ ಇರಬಹುದು. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ), ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತ ಹೊತ್ತೊಯ್ಯುವ ಕಬ್ಬಿಣ), ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ಮಾಡಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಹಿಂದಿನ ದಿನ ಕಬ್ಬಿಣದ ಮಾತ್ರೆ ಇಲ್ಲದೆ. ಜ್ವರ, ಸೋಂಕು ಇದ್ದಾಗ ಬೇಡ, ಫೆರಿಟಿನ್ ಸುಳ್ಳೇ ಏರಿರುತ್ತೆ. ರಿಪೋರ್ಟಿನಲ್ಲಿ ಫೆರಿಟಿನ್ 25 ಬಂದರೂ ‘ನಾರ್ಮಲ್’ ಅಂತ ಅಚ್ಚಾಗಿರಬಹುದು. ಈ ಕಾಯಿಲೆಯಲ್ಲಿ 75 ಅಥವಾ ಕೆಳಗಿದ್ದರೆ ಕಬ್ಬಿಣ ಕೊಡ್ತಾರೆ. ಮಾತ್ರೆ ನುಂಗಿ ಹಿಂದೆಯೇ ಚಹಾ ಕುಡಿದರೆ ದಂಡ, ಎರಡು ಗಂಟೆ ಅಂತರ ಇರಲಿ. ಲಿಂಬೆ ಶರಬತ್ತು ಆಗಬಹುದು. ಮೂರು ತಿಂಗಳಿಗೆ ಮತ್ತೆ ಟೆಸ್ಟ್. ಈ ವಯಸ್ಸಿನಲ್ಲಿ ಕಬ್ಬಿಣ ಯಾಕೆ ಇಳಿಯಿತು, ಹೊಟ್ಟೆಯಲ್ಲಿ ರಕ್ತ ಸೋರುತ್ತಿದೆಯಾ ಅಂತಲೂ ಡಾಕ್ಟರನ್ನು ಕೇಳಿ.

ಡೊಂಬಿವಲಿ ಈಸ್ಟ್:
ಶೀತಕ್ಕೆ ಮೆಡಿಕಲ್‌ನಿಂದ ಮಾತ್ರೆ ತರ್ತಾ ಇರ್ತಾರೆ. ಸಂಬಂಧ ಇದೆಯಾ?

ಮಾಟುಂಗಾ:
ಖಂಡಿತ. ಮಾತ್ರೆಯ ಸ್ಟ್ರಿಪ್ ಹಿಂದೆ ಕ್ಲೋರ್‌ಫೆನಿರಮೈನ್ ಅಂತಿದೆಯಾ ನೋಡಿ. ನಿದ್ದೆ ಬರಿಸುವ ಇಂಥ ಅಲರ್ಜಿ ಮಾತ್ರೆಗಳು, ವಾಂತಿಯ ಮೆಟೊಕ್ಲೋಪ್ರಮೈಡ್, ಕೆಲವು ಖಿನ್ನತೆಯ ಮಾತ್ರೆಗಳು ಇದನ್ನು ಕೆರಳಿಸುತ್ತವೆ. ಡಾಕ್ಟರ್ ಬರೆದದ್ದನ್ನು ತಾವೇ ನಿಲ್ಲಿಸಬೇಡಿ, ಬದಲಿ ಕೇಳಿ.

ಪುಣೆ ಕೋಥ್ರೂಡ್:
ಎಳೆತಕ್ಕೇ ಮಾತ್ರೆ ಬೇಕಾದರೆ ಈಗ ಮೊದಲು ಗಾಬಾಪೆಂಟಿನ್ ಅಥವಾ ಪ್ರೀಗಾಬಾಲಿನ್. ಕ್ರಿಯಾಟಿನಿನ್ ಹೆಚ್ಚಿದ್ದರೆ ಡೋಸ್ ತಗ್ಗಿಸಬೇಕು. ಆರಂಭದಲ್ಲಿ ತಲೆ ತಿರುಗಿ ಬೀಳುವ ಭಯ ಇದೆ. ಪ್ರಾಮಿಪೆಕ್ಸೋಲ್ ಅನ್ನೋ ಇನ್ನೊಂದು ಮಾತ್ರೆ ಮೊದಮೊದಲು ಚೆನ್ನಾಗಿಯೇ ಕೆಲಸ ಮಾಡುತ್ತೆ. ವರ್ಷಗಳಲ್ಲಿ ಎಳೆತ ರಾತ್ರಿಯಿಂದ ಮಧ್ಯಾಹ್ನಕ್ಕೆ ಸರಿದು ಕೈಗೂ ಹಬ್ಬಬಹುದು. ಆಗ ಡೋಸ್ ಏರಿಸಿದರೆ ಇನ್ನೂ ಕೆಡುತ್ತೆ, ಥಟ್ಟನೆ ನಿಲ್ಲಿಸಿದರೂ ತೊಂದರೆ. ನರರೋಗ ತಜ್ಞರ ಕೈಯಲ್ಲೇ ಇಳಿಸಬೇಕು.